ಕಣ್ಣಿನ ಬಾಗು ಅಳೆಯುವ ಹುಡುಗಿ

"ಚಲುವರಾಜು, ದೇವಲಾಪುರ."

ಆತಿಯಾ ಹೊರಗಿನಿಂದ ಹೆಸರು ಕೂಗಿದಾಗ ನಾನು ಮೆಷಿನ್ನಿನಲ್ಲಿ ಗದ್ದ ಇಡುವ ಜಾಗವನ್ನು ಸ್ಪಿರಿಟ್ ಹತ್ತಿಯಿಂದ ಒರೆಸುತ್ತಿದ್ದೆ. ಕೈ ಅಲ್ಲೇ ನಿಂತಿತು.

ಮೇಲುಕೋಟೆಯ ಸುತ್ತಮುತ್ತ ಮನೆಗೊಬ್ಬ ಚಲುವರಾಜು ಇರುತ್ತಾನೆ, ದೇವಲಾಪುರದಲ್ಲೂ ನಾಲ್ಕಾರು ಜನ ಇದ್ದಾರು, ಇದು ಬೇರೆ ಯಾರೋ ಎಂದು ಧೈರ್ಯ ತಂದುಕೊಳ್ಳುವಷ್ಟರಲ್ಲಿ ಪರದೆ ಸರಿಸಿ ಒಬ್ಬರು ಒಳಗೆ ಬಂದು, "ಎಲ್ಲಿ ಕೂತ್ಕೋಬೇಕು ಮೇಡಂ?" ಅಂದರು.

ದನಿ ಅದೇ.

ಮುಖ ಅದೇ ಹೌದೋ ಅಲ್ಲವೋ ಹೇಳುವಂತಿರಲಿಲ್ಲ. ಏಕೆಂದರೆ ಆ ಮುಖವನ್ನು ನಾನು ನೋಡಿಯೇ ಇರಲಿಲ್ಲ.

ನಾಲ್ಕು ತಿಂಗಳ ಹಿಂದೆ, ಸಂಕ್ರಾಂತಿ ಕಳೆದ ಮೇಲೆ, ಇವರು ಪಾಂಡವಪುರದ ನಮ್ಮ ಮನೆಗೆ ಹೆಣ್ಣು ನೋಡಲು ಬಂದಿದ್ದರು. ಹೆಣ್ಣು ನಾನೇ. ಅವತ್ತು ಬೆಳಗ್ಗೆಯೇ ಅವ್ವ ನನ್ನ ಕನ್ನಡಕ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಕನ್ನಡಕ ಇಲ್ಲದಿದ್ದರೆ ನನಗೆ ನನ್ನ ಕೈಬೆರಳು ಕಾಣುತ್ತವೆ, ಅದರಾಚೆ ಎಲ್ಲವೂ ಬಣ್ಣ ಬಣ್ಣದ ಮಂಜು. ಕಾಫಿ ತಟ್ಟೆ ಹಿಡಿದು, ಕಂಬ ಎಲ್ಲಿದೆ, ಬೆಂಚು ಎಲ್ಲಿದೆ ಎಂಬ ನೆನಪಿನ ಮೇಲೆಯೇ ನಡೆದು ಹೋಗಿದ್ದೆ. ಬೆಂಚಿನ ತುದಿಯಲ್ಲಿ ಬಿಳಿ ಅಂಗಿಯೊಂದು ಕೂತಿತ್ತು. ಅದು, "ಬಿ.ಎಸ್ಸಿ.ಲಿ ಯಾವ ಸಬ್ಜೆಕ್ಟು?" ಎಂದು ಕೇಳಿತು. ನಾನು ನೆಲಕ್ಕೆ ಹೇಳಿದೆ, "ಫಿಸಿಕ್ಸು." ಅಷ್ಟೇ ನಮ್ಮ ಮಾತು.

ವಾರದ ಮೇಲೆ ಸಂಬಂಧ ತಂದಿದ್ದ ಬೋರಯ್ಯ ಬಂದು ಜಗಲಿಯ ಮೇಲೆ ಕೂತು, "ಉಡ್ಗಂಗೆ ಒಪ್ಗೆ ಆಗ್ನಿಲ್ವಂತೆ ಕಣಣ್ಣ. ಬಣ್ಣ ಒಸಿ ಕಮ್ಮಿ ಅಂದ್ರೇನೋ," ಎಂದು ಅಪ್ಪನಿಗೆ ಹೇಳಿ ಕಾಫಿ ಕುಡಿದು ಹೋದ. ಅವತ್ತಿನಿಂದ ಅವ್ವ ನನಗೆ ದಿನಾ ಕಡಲೆಹಿಟ್ಟು ಮೆತ್ತತೊಡಗಿದಳು. ಕಡಲೆಹಿಟ್ಟಿನಿಂದ ತಪ್ಪಿಸಿಕೊಳ್ಳಲು ನಾನು ಶ್ರೀರಂಗಪಟ್ಟಣದ ಈ ಕಣ್ಣಿನ ಕ್ಲಿನಿಕ್ಕಿಗೆ ಕೆಲಸಕ್ಕೆ ಸೇರಿದೆ. ಡಾಕ್ಟರ್ ಹೊನ್ನಪ್ಪ ಅಪ್ಪನ ಹಳೇ ಸ್ನೇಹಿತರು. ಅವರಿಗೆ ವಿಜ್ಞಾನ ಓದಿದ, ಹೆಚ್ಚು ಮಾತಾಡದ ಒಬ್ಬರು ಬೇಕಿತ್ತು. ಎರಡನೆಯ ಅರ್ಹತೆ ನನ್ನಲ್ಲಿ ಬೇಕಾದಷ್ಟಿತ್ತು.

ಅಂದರೆ ಈ ಮನುಷ್ಯ ಬೇಡ ಅಂದದ್ದರಿಂದಲೇ ನಾನು ಇಲ್ಲಿದ್ದೆ. ಈಗ ಅವರೇ ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕೂತು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. ದಪ್ಪ ಗಾಜು. ನನ್ನದಕ್ಕಿಂತ ದಪ್ಪ.

"ಗದ್ದ ಇಲ್ಲಿಡಿ," ಅಂದೆ. "ಹಣೆ ಈ ಪಟ್ಟಿಗೆ ತಾಗಲಿ. ಕೊಳವೆ ಒಳಗೆ ನೇರವಾಗಿ ನೋಡಿ."

"ಏನು ಕಾಣ್ಬೇಕು?"

"ನಿಮ್ಮ ಕಣ್ಣೇ ಕಾಣುತ್ತೆ."

ಕಣ್ಣಿನ ಕಪ್ಪು ಭಾಗದ ಮೇಲೆ ಕೈಗಡಿಯಾರದ ಗಾಜಿನಂತೆ ಉಬ್ಬಿಕೊಂಡ ಒಂದು ತಿಳಿ ಪದರ ಇದೆ. ಅದೇ ಕಾರ್ನಿಯಾ. ಅದರ ಬಾಗು ಎಷ್ಟು ಎಂದು ಅಳೆಯುವುದು ನನ್ನ ಕೆಲಸ, ಅಳೆಯುವ ಮೆಷಿನ್ನಿನ ಹೆಸರು ಕೆರಟೋಮೀಟರ್. ಪೊರೆ ಆಪರೇಷನ್ನಿಗೆ ಬರುವ ಅಜ್ಜಿಯರಿಗೂ ಆ ಅಳತೆ ಬೇಕು, ಕಾಂಟ್ಯಾಕ್ಟ್ ಲೆನ್ಸ್ ಹಾಕಿಸಿಕೊಳ್ಳುವ ಹುಡುಗರಿಗೂ ಬೇಕು. ನಾಚಿಕೆ ಸ್ವಭಾವದವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ. ಎದುರಿನವರ ಕಣ್ಣು ನನಗೆ ಅಂಗೈಯಗಲ ಕಾಣುತ್ತದೆ. ಅವರಿಗೆ ನಾನು ಕಾಣುವುದೇ ಇಲ್ಲ.

ದೀಪ ಹಾಕಿದೆ. ಅವರ ಕಣ್ಣಿನ ಮೇಲೆ ಮೂರು ಬೆಳಕಿನ ಉಂಗುರಗಳು ಬಿದ್ದವು. ಉಂಗುರಗಳ ಪಕ್ಕದಲ್ಲಿ ಪ್ಲಸ್ ಗುರುತು, ಮೈನಸ್ ಗುರುತು. ಎಡಗಡೆಯ ನಾಬ್ ತಿರುಗಿಸುತ್ತ ಹೋದರೆ ಎರಡು ಪ್ಲಸ್‌ಗಳು ಮೆಲ್ಲಗೆ ಹತ್ತಿರ ಬಂದು ಒಂದರ ಮೇಲೊಂದು ಕೂರುತ್ತವೆ. ಬಲಗಡೆಯ ನಾಬಿಗೆ ಮೈನಸ್‌ಗಳು. ಕೂತ ಕಡೆ ಇರುವ ಅಂಕಿಯೇ ಆ ಕಣ್ಣಿನ ಬಾಗು.

ಹುರಿದ ರಾಗಿಯ ಬಣ್ಣದ ಕಣ್ಣು. ರೆಪ್ಪೆಕೂದಲು ಉದ್ದ, ತುದಿಯಲ್ಲಿ ಒಂದಿಷ್ಟು ಮೇಲಕ್ಕೆ ತಿರುಗಿದ್ದವು. ಗಂಡಸರ ಮುಖವನ್ನು ಹೀಗೆ ರೆಪ್ಪೆ ಹೊಡೆಯದೆ ನೋಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಇದುವರೆಗೆ ಅಳೆದ ಕಣ್ಣುಗಳೆಲ್ಲ ಬರೀ ಕಣ್ಣುಗಳಾಗಿದ್ದವು.

ನಾಬನ್ನು ಬೇಕಾದ್ದಕ್ಕಿಂತ ಹೆಚ್ಚು ತಿರುಗಿಸಿಬಿಟ್ಟೆ. ಪ್ಲಸ್‌ಗಳು ಕೂತು, ಮತ್ತೆ ಬೇರೆಯಾದವು.

"ಒಂದು ಕೇಳ್ಲಾ ಮೇಡಂ?"

"ಬೇಡ. ಗದ್ದ ಅಲ್ಲಾಡುತ್ತೆ."

"ಅಲ್ಲಾಡಿಸ್ದೆ ಕೇಳ್ತೀನಿ," ಎಂದು ಹಲ್ಲು ಕಚ್ಚಿಕೊಂಡೇ ಅಂದರು. "ನನ್ನ ಕಣ್ಣಲ್ಲಿ ಏನಾದ್ರೂ ತೊಂದ್ರೆ ಇದ್ಯಾ? ಇಷ್ಟೊತ್ತಾಯ್ತಲ್ಲ."

"ತೊಂದರೆ ಏನಿಲ್ಲ. ಇನ್ನೊಂದು ಸಲ ನೋಡ್ತೀನಿ."

ಮುಗಿದ ಮೇಲೆ ಅವರು ಕನ್ನಡಕ ಹಾಕಿಕೊಂಡು ನನ್ನ ಕಡೆ ನೋಡಿದರು. ಗುರುತು ಸಿಕ್ಕಿತು ಎಂದುಕೊಂಡೆ. ಅವರು ನಕ್ಕರು. "ನಿಮ್ದೂ ಸೋಡಾಬುಡ್ಡಿನೇ. ಹಾಗಾದ್ರೆ ನಾವಿಬ್ರೂ ಒಂದೇ ಪಾರ್ಟಿ."

ತಲೆ ತಗ್ಗಿಸಿ ಕಾರ್ಡಿನಲ್ಲಿ ಅಂಕಿ ಬರೆದೆ. "ಲೆನ್ಸ್ ಯಾತಕ್ಕೆ ಅಂತ ಡಾಕ್ಟ್ರು ಕೇಳ್ತಾರೆ. ಕೆಲಸಕ್ಕೋ, ಆಟಕ್ಕೋ?"

"ಎರಡು ಕಾರಣ. ನಾನು ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆ, ನಾಲೆ ಸೆಕ್ಷನ್ನಿನ ಇಂಜಿನಿಯರ್ರು. ದಿನಾ ಏರಿ ಮೇಲೆ ನೆಲದ ಎತ್ತರ ಅಳೆಯೋ ಲೆವೆಲ್ ಮೆಷಿನ್ ನಿಲ್ಲಿಸ್ಕೊಂಡು ಒಂದು ಕಣ್ಣು ಮುಚ್ಚಿ ನೋಡೋ ಕೆಲಸ. ಕನ್ನಡಕ ಅಡ್ಡ ಬರುತ್ತೆ. ಅದು ನನ್ನ ಕಾರಣ. ನಮ್ಮವ್ವನ ಕಾರಣ ಬೇರೆ."

"ಏನದು?"

"ಮುಂದಿನ ತಿಂಗಳು ಮೊದಲನೇ ಭಾನುವಾರ ನಾಗಮಂಗಲದಲ್ಲಿ ಹುಡುಗಿ ನೋಡೋಕೆ ಹೋಗ್ಬೇಕು. ಕನ್ನಡಕ ಹಾಕ್ಕೊಂಡು ಹೋದ್ರೆ ಕುರುಡ ಅಂದ್ಕೋತಾರಂತೆ. ಹೋದ ಸಲ ಬಸ್ಸಿಳೀತಿದ್ದಂಗೇ ಕಿತ್ಕೊಂಡು ಸೊಂಟಕ್ಕೆ ಸಿಕ್ಕಿಸ್ಕೊಂಡ್ಬುಟ್ರು. ಪಾಂಡವಪುರದಲ್ಲಿ ಯಾರೋ ಪುಟ್ಟಸ್ವಾಮಿ ಅನ್ನೋರ ಮನೆ. ಒಂದು ಹಸಿರು ಸೀರೆ ಬಂತು, ಕಾಫಿ ಕೊಡ್ತು, ಹೋಯ್ತು. ಅಷ್ಟೇ ನಾನು ನೋಡಿದ್ದು."

ಅದು ನೀಲಿ ಸೀರೆ. ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿದೆ.

ಅವರು ಹೋದ ಮೇಲೆ ಮೆಷಿನ್ನಿನ ದೀಪ ಆರಿಸುವುದನ್ನೂ ಮರೆತು ಕೂತಿದ್ದೆ. ಬಣ್ಣ ಕಮ್ಮಿ ಅಂದಿದ್ದರಂತೆ. ಬಣ್ಣವೇ ಕಾಣದವರು. ನಾಲ್ಕು ತಿಂಗಳು ಮೆತ್ತಿಸಿಕೊಂಡ ಕಡಲೆಹಿಟ್ಟಿನಲ್ಲಿ ಒಂದು ಮದುವೆಗೆ ಬೋಂಡಾ ಕರಿಯಬಹುದಿತ್ತು.

ಆತಿಯಾ ಪಕ್ಕದ ಕನ್ನಡಕದ ಅಂಗಡಿಯ ಮುಖ್ತಾರ್ ಅಹಮದ್ ಅವರ ಮಗಳು. ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವುದು, ಹೆಸರು ಕೂಗುವುದು, ಮಧ್ಯಾಹ್ನ ನನ್ನ ಡಬ್ಬಿಯ ಮುದ್ದೆಸಾರು ಕಿತ್ತುಕೊಂಡು ತನ್ನ ಡಬ್ಬಿ ನನಗೆ ಕೊಡುವುದು ಅವಳ ಕೆಲಸ. ಅವಳ ಹತ್ತಿರ ಏನನ್ನೂ ಮುಚ್ಚಿಡಲು ಆಗುವುದಿಲ್ಲ. ಮುಖ ನೋಡಿಯೇ, "ಏನಾಯ್ತು, ಯಾರಾದ್ರೂ ಬೈದ್ರಾ?" ಅಂದಳು. ಹೇಳಿದೆ.

"ಅರೆ, ಇವನೇನಾ ಅವನು? ನಿನ್ನ ರಿಜೆಕ್ಟ್ ಮಾಡಿದೋನು?"

"ಮೆಲ್ಲಗೆ ಹೇಳೇ."

"ಮೊದಲೇ ಹೇಳ್ಬಾರ್ದಾ ರಂಜು? ಕೊನೇ ಟೋಕನ್ ಕೊಟ್ಟು ಸಂಜೆ ತನಕ ಬಿಸಿಲಲ್ಲಿ ಕೂರಿಸ್ತಿದ್ದೆ." ಒಂದು ತುತ್ತು ನುಂಗಿ ಮತ್ತೆ ಅಂದಳು, "ಈಗ್ಲೂ ತಡ ಆಗಿಲ್ಲ. ನಂಬರ್ ತಪ್ಪು ಬರ್ದುಬುಡು. ಬಾಗು ಸರಿ ಇಲ್ದಿದ್ರೆ ಲೆನ್ಸು ಕಣ್ಣಲ್ಲಿ ಜಾರಾಡುತ್ತೆ ಅಂತ ನೀನೇ ಹೇಳಿದ್ದೀಯಲ್ಲ. ನಾಗಮಂಗಲದಲ್ಲಿ ಉಪ್ಪಿಟ್ಟು ತಿಂತಾ ಗೊಳೋ ಅಂತ ಅಳ್ಲಿ."

ನಗು ಬಂತು. "ಕಣ್ಣು ಕಣೇ ಅದು."

"ಹೂಂ, ಕಣ್ಣು." ಅವಳು ನನ್ನನ್ನು ಓರೆಯಾಗಿ ನೋಡಿದಳು. "ಚೆನ್ನಾಗಿತ್ತಾ?"

ನಾನು ಡಬ್ಬಿ ತೊಳೆಯಲು ಎದ್ದೆ.

ಮುಂದಿನ ಬುಧವಾರ ಟ್ರಯಲ್ ಲೆನ್ಸಿಗೆ ಬಂದರು. ಬೇರೆ ಬೇರೆ ಬಾಗಿನ ಲೆನ್ಸುಗಳು ಪೆಟ್ಟಿಗೆಯಲ್ಲಿ ಇರುತ್ತವೆ. ಅಳತೆಗೆ ಹೊಂದುವ ಒಂದನ್ನು ಹಾಕಿ ಅರ್ಧ ಗಂಟೆ ಕೂರಿಸಬೇಕು, ನೀರು ಸುರಿಯುವುದು ನಿಂತ ಮೇಲೆ ಅದು ಕಣ್ಣಿನ ಮೇಲೆ ಹೇಗೆ ಕೂತಿದೆ ಎಂದು ಡಾಕ್ಟರ್ ನೋಡಬೇಕು. ಮೊದಮೊದಲು ಎಲ್ಲರೂ ಅಳುತ್ತಾರೆ. ಇವರೂ ಧಾರಾಕಾರ ಅತ್ತರು.

"ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನಾನೂ ನಾನು ಇಷ್ಟು ಅತ್ತಿಲ್ಲ ಮೇಡಂ. ವಿಶ್ವೇಶ್ವರಯ್ಯ ನಾಲೆಗೆ ಬಿಡಬಹುದು ಈ ನೀರ್ನ."

"ಉಜ್ಜಬೇಡಿ. ಕೆಳಗೆ ನೋಡ್ತಾ ಇರಿ, ಕಮ್ಮಿಯಾಗುತ್ತೆ."

"ಕೆಳಗೆ ಏನಿದೆ ನೋಡೋಕೆ?"

"ನಿಮ್ಮ ಚಪ್ಪಲಿ."

ಅವರು ಚಪ್ಪಲಿ ನೋಡುತ್ತಲೇ ನಕ್ಕರು. ನಾನು ಯಾರ ಜೊತೆಯೂ ಹೀಗೆ ತಟ್ಟನೆ ಮಾತಾಡುವವಳಲ್ಲ. ಎದುರಿನವರು ನೆಲ ನೋಡುತ್ತಿದ್ದರೆ ನನಗೂ ಮಾತು ಬರುತ್ತದೆ ಎಂದು ಅವತ್ತು ಗೊತ್ತಾಯಿತು.

ಅದೇ ಧೈರ್ಯದಲ್ಲಿ ಕೇಳಿದೆ, "ಆ ಪಾಂಡವಪುರದ ಹುಡುಗಿನ ಯಾಕೆ ಬೇಡ ಅಂದ್ರಿ?"

ಅವರು ಕರ್ಚೀಫಿನಿಂದ ಕೆನ್ನೆ ಒರೆಸಿಕೊಂಡರು. "ಬೇಡ ಅನ್ನಲಿಲ್ಲ. ನೋಡಿಲ್ಲ ಅಂದೆ. ಕನ್ನಡಕ ಕೊಡಿ, ಇನ್ನೊಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ ಅಂದೆ. ಇನ್ನೊಂದ್ಸಲ ಹೋಗೋದು ಅಂದ್ರೆ ಮರ್ಯಾದೆ ಪ್ರಶ್ನೆಯಂತೆ. ಹಾಗಾದ್ರೆ ಹೂಂ ಅನ್ನಲ್ಲ ಅಂದೆ. ಕಣ್ಣಿಗೆ ಕಾಣ್ದೆ ಇರೋ ಹುಡುಗಿಗೆ ಹೂಂ ಅಂದ್ರೆ ನಾಳೆ ಅವಳಿಗೇ ಮೋಸ ಅಲ್ವಾ? ನನಗೆ ಇಷ್ಟು ಪವರ್ ಇದೆ ಅಂತ ಅವರಿಗೂ ಹೇಳಿಲ್ಲ. ಅದೂ ಮೋಸ."

"ಅವರ ಮನೆಯಲ್ಲಿ ಏನಂದ್ಕೊಂಡಿರ್ತಾರೆ?"

"ಅದೇ ಮೇಡಂ, ಅದೊಂದು ಕೊರೀತಾ ಇರುತ್ತೆ. ಬೋರಯ್ಯ ಏನಂತ ಹೇಳಿದ್ನೋ. ಫಿಸಿಕ್ಸ್ ಅಂತ ಎಷ್ಟು ಮೆತ್ತಗೆ ಹೇಳಿದ್ರು ಆ ಹುಡುಗಿ. ನಮ್ಮ ಮನೇಲಿ ಎಲ್ರೂ ಕೂಗಾಡೋರೇ, ನಂಗೆ ಆ ದನಿ ಹಿಡಿಸ್ತು."

ನಾನು ತಿರುಗಿ ಲೆನ್ಸ್ ಪೆಟ್ಟಿಗೆಯನ್ನು ಸರಿಯಾಗಿಯೇ ಇದ್ದರೂ ಮತ್ತೆ ಜೋಡಿಸಿದೆ. ಇದೇ ದನಿ ಅರ್ಧ ಗಂಟೆಯಿಂದ ನಿಮ್ಮ ಕಿವಿಯ ಹತ್ತಿರವೇ ಇದೆಯಲ್ಲ ಎಂದು ಹೇಳಿಬಿಡಬೇಕು ಅನಿಸಿತು. ಹೇಳಿದರೆ ಏನಾಗುತ್ತದೆ? ಪಾಪ ಅನ್ನಿಸಿ ಹೂಂ ಅಂದರೆ? ತಪ್ಪಾಯ್ತು ಎಂದು ಎದ್ದುಹೋದರೆ? ಒಂದು ಸಲ ಬೇಡ ಅನ್ನಿಸಿಕೊಂಡವಳು ಎರಡನೇ ಸಲ ತಾನಾಗಿ ಹೋಗಿ ಎದುರಿಗೆ ನಿಲ್ಲುವುದು ಹೇಗೆ?

"ಈ ಮೆಷಿನ್ನು ನಮ್ಮ ಲೆವೆಲ್ಲಿನ ತಮ್ಮ ಇದ್ದಂಗಿದೆ," ಎಂದರು ಅವರು. ನೀರು ನಿಂತಿತ್ತು. "ಒಂದ್ಸಲ ನಾನು ನೋಡ್ಬೋದಾ?"

"ಯಾರ ಕಣ್ಣು?"

"ಇಲ್ಲಿ ಇನ್ಯಾರಿದ್ದಾರೆ?"

ಬೇಡ ಅನ್ನಬೇಕಿತ್ತು. ಕನ್ನಡಕ ತೆಗೆದು ರೋಗಿಗಳ ಸ್ಟೂಲಿನ ಮೇಲೆ ಕೂತು ಗದ್ದ ಇಟ್ಟೆ. ಕೊಳವೆಯೊಳಗೆ ನನ್ನದೇ ಕಣ್ಣು, ದೂರದ ಕೆರೆಯಲ್ಲಿ ಬಿದ್ದ ಹಾಗೆ ಚಿಕ್ಕದಾಗಿ ಕಂಡಿತು. ಆಚೆ ಕಡೆಯಿಂದ ಅವರ ಉಸಿರು ಕೇಳುತ್ತಿತ್ತು.

"ನೇರವಾಗಿ ನೋಡಿ. ರೆಪ್ಪೆ ಹೊಡೀಬೇಡಿ," ಎಂದರು, ನನ್ನ ಹಾಗೆಯೇ.

ಆಚೆ ಸ್ಟೂಲು ಒಂದಿಷ್ಟು ಮುಂದಕ್ಕೆ ಸರಿದ ಸದ್ದಾಯಿತು.

"ಏನು ಕಾಣ್ತಿದೆ?" ಎಂದೆ.

"ಮಾತಾಡಬೇಡಿ. ಗದ್ದ ಅಲ್ಲಾಡುತ್ತೆ." ನಾಬ್ ತಿರುಗುವ ಸಣ್ಣ ಸದ್ದು. "ಪ್ಲಸ್ಸು ಕೂತ್ಕೊಂಡ್ವು. ಮೈನಸ್ಸು ಕೂರ್ತಾ ಇಲ್ಲ."

"ಅದಕ್ಕೆ ಬಲಗಡೆ ನಾಬ್."

"ಗೊತ್ತು. ಬೇಗ ಕೂರಿಸಿದ್ರೆ ಬೇಗ ಮುಗಿದುಹೋಗುತ್ತಲ್ಲ."

ಕಿವಿಯ ತುದಿಯ ತನಕ ಬಿಸಿಯಾಯಿತು. ಗದ್ದ ತೆಗೆಯಬೇಕು ಅಂದುಕೊಂಡೆ, ತೆಗೆಯಲಿಲ್ಲ. ಅಷ್ಟರಲ್ಲಿ ಪರದೆ ಸರಿಯಿತು.

"ಏನಪ್ಪಾ ಇಂಜಿನಿಯರ್ರೇ," ಎಂದರು ಡಾಕ್ಟರ್ ಹೊನ್ನಪ್ಪ, "ನಾಲೆ ಬಿಟ್ಟು ನನ್ನ ಸ್ಟಾಫಿನ ಲೆವೆಲ್ ಅಳೀತಾ ಇದ್ದೀಯಲ್ಲ. ರೀಡಿಂಗ್ ಬಂತಾ?"

"ಬರ್ತಾ ಇದೆ ಸಾರ್."

"ಆಯ್ತು, ಎದ್ದೇಳು. ಮೊದ್ಲು ನಿನ್ನ ಕಣ್ಣು ನೋಡಣ."

ಲೆನ್ಸ್ ಚೆನ್ನಾಗಿ ಕೂತಿತ್ತು. ಅದೇ ಅಳತೆಗೆ ಬೆಂಗಳೂರಿಗೆ ಆರ್ಡರ್ ಹೋಯಿತು. ಹೊರಡುವಾಗ ಅವರು ಬಾಗಿಲಲ್ಲಿ ನಿಂತು, "ಬರೋಕೆ ಎಷ್ಟು ದಿನ ಬೇಕು?" ಅಂದರು.

"ಹತ್ತು ದಿನ. ನೀವು ನಾಗಮಂಗಲಕ್ಕೆ ಹೋಗುವಷ್ಟರಲ್ಲಿ ಬಂದಿರುತ್ತೆ."

"ತಡ ಆದ್ರೂ ಪರವಾಗಿಲ್ಲ," ಎಂದು ನನ್ನನ್ನೇ ನೋಡಿದರು. ಆಮೇಲೆ ಮತ್ತೇನೋ ಹೇಳಲು ಹೋಗಿ, ಆತಿಯಾ ಕತ್ತು ಚಾಚಿದ್ದು ಕಂಡು, "ಬರ್ತೀನಿ ಮೇಡಂ," ಅಂದರು.

ಆ ಹತ್ತು ದಿನ ನನಗೆ ದಿನಚರಿ ಬರೆಯಲೂ ಆಗಲಿಲ್ಲ. ಪೆನ್ನು ಹಿಡಿದರೆ ಒಂದೇ ಯೋಚನೆ. ಲೆನ್ಸ್ ಬಂದ ಮರುದಿನವೇ ನಾಗಮಂಗಲ. ಈ ಸಲ ಅವರಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ, ಹುಡುಗಿಯ ಜಡೆ, ಬಳೆ, ನಗು. ಹಾಗೆ ಕಾಣುವಂತೆ ಅಳೆದು ಕೊಟ್ಟವಳು ನಾನೇ. ಅವರು ಒಳ್ಳೆಯವರು. ಆ ಹುಡುಗಿಯೂ ಒಳ್ಳೆಯವಳಿರಬಹುದು. ನಾನು ಬಾಯಿ ಬಿಡದಿದ್ದರೆ ಅವರ ಮದುವೆ ಪತ್ರಿಕೆ ಡಾಕ್ಟರ್ ಹೆಸರಿಗೆ ಬರುತ್ತದೆ. ಆತಿಯಾ ಅದನ್ನು ಓದಿ ಹೇಳುತ್ತಾಳೆ. ನಾನು ಮುಂದಿನ ಅಜ್ಜಿಯ ಗದ್ದ ಇಡಿಸಿ, ನೇರವಾಗಿ ನೋಡಿ ಅನ್ನುತ್ತೇನೆ.

ಶನಿವಾರ ಹನ್ನೆರಡು ಗಂಟೆಗೆ ಬಂದರು. ಕನ್ನಡಿ ಮುಂದೆ ತಾವೇ ಲೆನ್ಸ್ ಹಾಕಿಕೊಂಡರು, ಎರಡು ಸಲ ಬೆರಳಿನಿಂದ ಜಾರಿತು, ಮೂರನೆಯ ಸಲ ಕೂತಿತು. ಕಣ್ಣೀರು ಇಂಗಿದ ಮೇಲೆ ತಲೆ ಎತ್ತಿ ಸುತ್ತ ನೋಡಿದರು.

"ಅಬ್ಬಾ. ಆ ಬಾಟ್ಲಿ ಮೇಲಿನ ಸಣ್ಣಕ್ಷರ ಓದ್ತೀನಿ ಮೇಡಂ. ಗೋಡೆ ಮೇಲೆ ಹಲ್ಲಿ ಇದೆ. ಕಿಟಕಿ ಆಚೆ ಆ ಹುಣಸೆಮರಕ್ಕೆ ಬಿಡಿಬಿಡಿ ಎಲೆ ಇವೆ." ನಿಧಾನಕ್ಕೆ ನನ್ನ ಕಡೆ ತಿರುಗಿದರು. ಹಲ್ಲಿಯನ್ನು ನೋಡಿದಷ್ಟು ಬೇಗ ಮುಗಿಸಲಿಲ್ಲ. "ನಿಮ್ಮ ಹುಬ್ಬಿನ ಮೇಲೆ ಒಂದು ಸಣ್ಣ ಮಚ್ಚೆ ಇದೆ. ಕನ್ನಡಕದ ಕಟ್ಟಿಗೆ ಅರ್ಧ ಮರೆಯಾಗುತ್ತೆ."

ಇನ್ನು ಅವರು ಎದ್ದು ಹೋಗುತ್ತಾರೆ. ನಾನು ಮೇಜಿನ ಅಂಚು ಹಿಡಿದುಕೊಂಡೆ.

"ನಾನು ಪುಟ್ಟಸ್ವಾಮಿಯವರ ಮಗಳು," ಎಂದೆ. "ಪಾಂಡವಪುರ."

ಅವರ ಮುಖದ ನಗು ಮೊದಲು ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಇಳಿದುಹೋಯಿತು. ಹೊರಗೆ ಆತಿಯಾ ಯಾರಿಗೋ ಕಣ್ಣಿಗೆ ಹಾಕುವ ಡ್ರಾಪ್ಸ್ ಬಗ್ಗೆ ಹೇಳುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದಳು.

"ಫಿಸಿಕ್ಸು," ಅಂದರು ಅವರು.

"ಹೂಂ."

"ನಿಮಗೆ ನಾನು ಯಾರು ಅಂತ..."

"ಮೊದಲನೇ ದಿನವೇ ಗೊತ್ತಿತ್ತು. ನನ್ನ ಕನ್ನಡಕವನ್ನೂ ಅವತ್ತು ಅವ್ವ ಬೀರುವಿನಲ್ಲಿಟ್ಟಿದ್ದಳು. ನಿಮ್ಮ ದನಿ ಮಾತ್ರ ಗುರುತಿತ್ತು."

ಅವರು ಕಣ್ಣು ಉಜ್ಜಲು ಕೈ ಎತ್ತಿ, ಲೆನ್ಸ್ ಇದೆ ಎಂದು ನೆನಪಾಗಿ ಕೈ ಇಳಿಸಿದರು. "ಅಂದ್ರೆ ಅವತ್ತು ಇಬ್ರಿಗೂ ಏನೂ ಕಾಣ್ತಿರ್ಲಿಲ್ಲ. ಊರೆಲ್ಲ ಸುತ್ತ ಕೂತು ನಮ್ಮನ್ನ ನೋಡ್ತಿತ್ತು."

"ಬಣ್ಣ ಕಮ್ಮಿ ಅಂತ ಬೋರಯ್ಯ ಬಂದು ಹೇಳಿದ."

"ನಾನು ಹಂಗೆ ಹೇಳಿಲ್ಲ." ದನಿಯಲ್ಲಿ ನೋವಿತ್ತು.

"ಈಗ ಗೊತ್ತು."

"ಇಷ್ಟೆಲ್ಲ ಅನ್ನಿಸ್ಕೊಂಡು, ನಾನ್ಯಾರು ಅಂತ ಗೊತ್ತಿದ್ದೂ, ಇನ್ನೊಂದು ಹುಡುಗಿ ನೋಡೋಕೆ ಹೋಗ್ತೀನಿ ಅಂತ ಗೊತ್ತಿದ್ದೂ, ಲೆನ್ಸು ಸರಿಯಾಗೇ ಅಳೆದ್ರಾ?"

"ಸರಿಯಾಗೇ ಅಳೆದೆ."

"ಯಾಕೆ?"

"ನಿಮಗೆ ಸರಿಯಾಗಿ ಕಾಣಲಿ ಅಂತ."

"ಯಾರು?"

ಬೇರೆ ದಿನವಾಗಿದ್ದರೆ ತಲೆ ತಗ್ಗಿಸುತ್ತಿದ್ದೆ. ಆ ಕಣ್ಣುಗಳ ಒಂದೊಂದು ಗೆರೆಯೂ ನನಗೆ ಗೊತ್ತಿತ್ತು. ಹೊಸಬರನ್ನು ನೋಡುವ ನಾಚಿಕೆ ಅಲ್ಲಿ ಉಳಿದಿರಲಿಲ್ಲ. ನೋಡುತ್ತಲೇ ಇದ್ದೆ. ಉತ್ತರ ಅದೇ ಆಗಿತ್ತು. ಅವರಿಗೂ ಅರ್ಥವಾಯಿತು.

ಅವರು ಎದ್ದು ನಿಂತರು. "ನಾಗಮಂಗಲದೋರಿಗೆ ಈಗ್ಲೇ ಫೋನ್ ಮಾಡ್ಬೇಕು. ಪಾಪ, ಉಪ್ಪಿಟ್ಟಿಗೆ ರವೆ ತಂದಿಟ್ಕೊಂಡಿರ್ತಾರೆ. ಇಲ್ಲಿ ಎಸ್.ಟಿ.ಡಿ. ಬೂತ್ ಎಲ್ಲಿದೆ?"

"ಪೋಸ್ಟಾಫೀಸ್ ಪಕ್ಕ," ಎಂದಿತು ಪರದೆಯ ಆಚೆಯಿಂದ ಆತಿಯಾಳ ದನಿ. "ಊಟಕ್ಕೆ ಮುಚ್ಚೋ ಹೊತ್ತಾಯ್ತು. ಸ್ವಲ್ಪ ಓಡಿ."

ಅವರು ನಿಜಕ್ಕೂ ಓಡಿದರು.

ಓಡಿದಷ್ಟು ಸುಲಭವಾಗಿ ಮುಂದಿನದು ಆಗಲಿಲ್ಲ. ಒಮ್ಮೆ ಬೇಡ ಅಂದ ಮನೆಗೆ ಮತ್ತೆ ಕಾಲಿಡುವುದಿಲ್ಲ ಎಂದು ಅವರ ತಾಯಿ ಚಿಕ್ಕಬೋರಮ್ಮ ಎರಡು ವಾರ ಮಗನ ಜೊತೆ ಮಾತು ಬಿಟ್ಟು, ಆಮೇಲೆ ಮಣಿದರಂತೆ. ನಮ್ಮ ಮನೆಯಲ್ಲಿ ಅಪ್ಪ ಸಕ್ಕರೆ ಕಾರ್ಖಾನೆಯಿಂದ ಬಂದು ಸೈಕಲ್ ನಿಲ್ಲಿಸಿ, ಬೋರಯ್ಯ ತಂದ ಸುದ್ದಿ ಕೇಳಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು ಜಗಲಿಯ ಮೇಲೆ ಕೂತರು.

"ಬರ್ಲಿ," ಎಂದರು ಕೊನೆಗೆ. "ಆದ್ರೆ ಒಪ್ಗೆ ಅನ್ನೋದು, ಬ್ಯಾಡ ಅನ್ನೋದು ಈ ಸಲ ನಮ್ ಮನೇಲಿ."

ಆಷಾಢ ಶುರುವಾಗುವ ಮುಂಚಿನ ಭಾನುವಾರ ಬಂದರು. ಬೆಳಗ್ಗೆ ಜಡೆ ಹೆಣೆದು ಮುಗಿಸಿದ ಅವ್ವ ಅಭ್ಯಾಸದಂತೆ ಕೈ ಚಾಚಿದಳು. "ತತ್ತಾ ಕನ್ನಡ್ಕವ. ಬೀರೂಲಿ ಇಡ್ತೀನಿ."

"ಕೊಡಲ್ಲ ಅವ್ವ."

"ಅಂಗಂದ್ರೆ? ಆಯಮ್ಮ ನೋಡುದ್ರೆ ಏನಂದಾಳು?"

"ನಾನೂ ನೋಡಬೇಕು. ಅವರು ಮಾತ್ರ ನೋಡಿದರೆ ಸಾಲದು."

ಅವ್ವನಿಗೆ ನಾನು ಇಷ್ಟು ಉದ್ದದ ಮಾತು ಎದುರಾಡಿದ್ದೇ ನೆನಪಿರಲಿಲ್ಲ. ಬಾಚಣಿಗೆ ಹಿಡಿದುಕೊಂಡು ನಿಂತಳು. ಆಮೇಲೆ ತನ್ನ ಸೆರಗಿನ ತುದಿಯಿಂದ ನನ್ನ ಕನ್ನಡಕದ ಗಾಜು ಒರೆಸಿ, ತಾನೇ ಮೂಗಿನ ಮೇಲೆ ಏರಿಸಿದಳು. "ಹೋಗು ಅತ್ಲಾಗೆ. ನಂಗೇನ್ ಗೊತ್ತು," ಅಂದಳು.

ಕಾಫಿ ತಟ್ಟೆ ಹಿಡಿದು ಹೊರಗೆ ಬಂದೆ. ಈ ಸಲ ಎಲ್ಲ ಕಾಣುತ್ತಿತ್ತು. ಚಿಕ್ಕಬೋರಮ್ಮನವರ ಬಿಗಿದ ತುಟಿ, ಬೋರಯ್ಯನ ಹೊಸ ಟವೆಲ್ಲು, ಕಾಲ ಮೇಲೆ ಕಾಲು ಹಾಕಿ ಕೂತ ಅಪ್ಪ. ಬೆಂಚಿನ ತುದಿಯಲ್ಲಿ ಅವರು. ಲೆನ್ಸ್ ಹಾಕಿರಲಿಲ್ಲ. ದಪ್ಪ ಗಾಜಿನ ಕನ್ನಡಕವನ್ನೇ ಹಾಕಿಕೊಂಡು ಬಂದಿದ್ದರು. ಲೆನ್ಸು ನಾಲೆ ಕೆಲಸಕ್ಕೆ ಮಾತ್ರ ಎಂದು ಮನೆಯಲ್ಲಿ ಹೇಳಿದ್ದಾರೆಂದು ಆಮೇಲೆ ತಿಳಿಯಿತು.

ಚಿಕ್ಕಬೋರಮ್ಮ ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. "ಇಬ್ರುಗೂ ಕನ್ನಡ್ಕವಾ? ಹುಟ್ಟೋ ಮಕ್ಳು ಕನ್ನಡ್ಕ ಹಾಕ್ಕಂಡೇ ಹುಟ್ತವೆ ಬುಡು."

"ಅಳತೆ ತಗೊಳ್ಳೋಕೆ ಮನೇಲೇ ಜನ ಇರ್ತಾರಲ್ಲವ್ವ," ಎಂದರು ಇವರು.

"ನೀ ಸುಮ್ಕಿರು. ಎರಡು ವಾರದಿಂದ ನಿನ್ ಮಾತೇ ಕೇಳೀವ್ನಿ." ಆದರೆ ತುಟಿಯ ಬಿಗಿ ಸ್ವಲ್ಪ ಸಡಿಲಿತ್ತು.

ಬೋರಯ್ಯ ಗಂಟಲು ಸರಿ ಮಾಡಿಕೊಂಡು, "ಏನಪ್ಪ ಉಡ್ಗ, ಒಪ್ಗೆಯಾ? ಈಗ್ಲೇ ಯೋಳ್ಬುಡು, ಆಮೇಲೆ ನನ್ ಮೇಲೆ ಬರ್ಬ್ಯಾಡಿ," ಎಂದ.

"ಹೋದ ಸಲ ನನ್ನೊಬ್ಬನ್ನೇ ಕೇಳಿದ್ರಿ," ಎಂದರು ಅವರು. "ಈ ಸಲ ಮೊದ್ಲು ಅವರನ್ನ ಕೇಳಿ."

ಹೆಣ್ಣು ನೋಡುವ ದಿನ ಹೆಣ್ಣನ್ನು ಕೇಳುವುದು ನಮ್ಮ ಬೀದಿಯಲ್ಲಿ ಯಾರೂ ಕಂಡಿದ್ದಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಅಡುಗೆಮನೆಯ ಬಾಗಿಲಲ್ಲಿ ಅವ್ವನ ಬಳೆ ಸದ್ದು ನಿಂತಿತು. ಅಪ್ಪ ಕಾಲ ಮೇಲಿನ ಕಾಲು ಇಳಿಸಿ ಮುಂದಕ್ಕೆ ಬಾಗಿ ಕೂತರು. ಇಷ್ಟು ಜನರ ನಡುವೆ ನಾನು ಯಾವತ್ತೂ ಬಾಯಿ ಬಿಟ್ಟವಳಲ್ಲ.

ತಲೆ ಎತ್ತಿ ಬೆಂಚಿನ ತುದಿಯನ್ನು ನೋಡಿದೆ. ಆ ದಪ್ಪ ಗಾಜಿನ ಹಿಂದೆ ಅವರ ಕಣ್ಣು ನಿಜಕ್ಕಿಂತ ಚಿಕ್ಕದಾಗಿ, ಹೆದರಿದಂತೆ ಕಂಡಿತು. ನನ್ನ ಉತ್ತರ ಏನಿರುತ್ತದೋ ಎಂದು ಅವರಿಗೂ ಗೊತ್ತಿರಲಿಲ್ಲ. ಪೂರ್ತಿ ಗೊತ್ತಿರಲಿಲ್ಲ.

"ಒಪ್ಪಿಗೆ," ಎಂದೆ.

"ಏನಂದ್ಳು?" ಬೋರಯ್ಯ ಕಿವಿಗೆ ಕೈ ಹಿಡಿದ. "ಜ್ವಾರಾಗಿ ಯೋಳವ್ವ, ನಂಗೆ ಕೇಳಾಕಿಲ್ಲ."

"ಒಪ್ಪಿಗೆ ಇದೆ ಅಂದೆ," ಎಂದೆ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ.

ಚಿಕ್ಕಬೋರಮ್ಮ ಫಕ್ಕನೆ ನಕ್ಕುಬಿಟ್ಟರು. "ಮೆತ್ತುನ್ ಉಡ್ಗಿ ಅಂದಿದ್ದಲ್ಲಾ, ನಮ್ ಮನೆಗೆ ಸರೋಯ್ತು ಬುಡು," ಎಂದು ಮಗನಿಗೆ ಹೇಳಿ, ಬೆಂಚಿನ ಮೇಲೆ ಸರಿದು, ತಮಗೂ ಅವರಿಗೂ ನಡುವೆ ಜಾಗ ಮಾಡಿ ಅಂಗೈಯಿಂದ ತಟ್ಟಿದರು. "ಬಾರವ್ವ. ತಟ್ಟೆ ಇಟ್ಬುಟ್ಟು ಇಲ್ಲಿ ಕೂತ್ಕೊ."

ತಟ್ಟೆ ಇಟ್ಟು ಒಳಗೆ ಹೋಗಬೇಕಾದವಳು ಅಲ್ಲೇ ಕೂತೆ. ಅವ್ವ ಎಲ್ಲರಿಗೂ ಉಪ್ಪಿಟ್ಟು ತಂದಳು, ಮೊದಲ ತಟ್ಟೆ ನನ್ನ ಕೈಗೇ ಕೊಟ್ಟಳು. ಅವರು ಪಕ್ಕದಲ್ಲಿ ಚಮಚ ಆಡಿಸುತ್ತ, ಬೇರೆ ಯಾರಿಗೂ ಕೇಳದ ಹಾಗೆ, "ಇಷ್ಟು ಹತ್ರದಿಂದ ಮೆಷಿನ್ ಇಲ್ದೆ ನೋಡಿದ್ರೆ ಕಷ್ಟ ಕಣ್ರೀ," ಎಂದರು.

"ತಿನ್ನಿ," ಎಂದೆ. "ಗದ್ದಕ್ಕೆ ಹತ್ತಿದೆ."

ಅವರು ಒರೆಸಿಕೊಳ್ಳಲಿಲ್ಲ. ನಾನು ನೋಡುತ್ತಲೇ ಇದ್ದೆ.